ಎರಡು ಪದರದ ಕೂದಲು

ನಾಯಿಗೂ ಕ್ಷೌರವೇ ಎಂದು ಮೂಗು ಮುರಿಯುವವರನ್ನು ಅವಳು ಬಾಗಿಲಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. "ನಿಮ್ಮ ತಲೆ ನೀವು ಬಾಚ್ಕೊಳ್ತೀರ. ಅದಕ್ಕೆ ಕೈ ಇದ್ಯಾ?" ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೇ ಊಟದ ಮೇಜು, ಅದರ ಮೇಲೆ ಕಾಲು ಜಾರದಂತೆ ರಬ್ಬರ್ ಹಾಸು, ಗೋಡೆಯ ಮೊಳೆಗಳಲ್ಲಿ ಸಾಲಾಗಿ ಬಾಚಣಿಗೆಗಳು. ಇಪ್ಪತ್ತೆರಡು ವರ್ಷಗಳಲ್ಲಿ ಸುತ್ತಲ ನಾಲ್ಕು ಬೀದಿಯ ನಾಯಿಗಳೆಲ್ಲ ಆ ಮೇಜು ಹತ್ತಿ ಇಳಿದಿದ್ದವು.

ಗಂಡ ಬಸ್ ಡ್ರೈವರ್ ಆಗಿದ್ದವನು. ನಿವೃತ್ತನಾದ ಮೇಲೆ ಹೆಂಡತಿಯ ಕೈಕೆಳಗೆ ಸೇರಿಕೊಂಡ. ಕೆಲಸ ಎರಡೇ: ನಾಯಿಯನ್ನು ಹಿಡಿದುಕೊಳ್ಳುವುದು, ಬೈಸಿಕೊಳ್ಳುವುದು. ಗಿಡ್ಡ ಕೂದಲಿಗೆ ರಬ್ಬರ್ ಬ್ರಷ್ ಸಾಕು, ಗುಂಗುರು ಕೂದಲನ್ನು ಬುಡದಿಂದ ಬಿಡಿಸಿಕೊಂಡೇ ಕತ್ತರಿ ಹಾಕಬೇಕು, ತಂತಿಯಂಥ ಒರಟು ಕೂದಲಾದರೆ ಬೆರಳಲ್ಲೇ ಕೀಳಬೇಕು ಎಂದೆಲ್ಲ ಅವನು ಪಾಠ ಒಪ್ಪಿಸಿದರೂ ಅವಳು ಪಾಸು ಮಾಡುತ್ತಿರಲಿಲ್ಲ.

"ರೀ, ಎರಡು ಪದರದ್ದಾದ್ರೆ?"

"ಬೋಳಿಸೋ ಮೆಷಿನ್ ಮುಟ್ಟಿಸಬಾರದು."

"ಯಾಕೆ?"

ಇಲ್ಲಿ ಅವನು ತಡವರಿಸುತ್ತಿದ್ದ, ಅವಳು ಮೊದಲಿನಿಂದ ಶುರು ಮಾಡುತ್ತಿದ್ದಳು.

ಹೋದ ವರ್ಷ ಒಂದು ದಿನ, ಆಗಷ್ಟೇ ಸ್ನಾನ ಮಾಡಿಸಿದ ನಾಯಿಯನ್ನೇ ಅವಳು ಮತ್ತೆ ಸ್ನಾನಕ್ಕೆ ಎಳೆದುಕೊಂಡು ಹೋದಳು. ಇಬ್ಬರೂ ನಕ್ಕರು. ಆಮೇಲೆ ಒಲೆಯ ಮೇಲಿನ ಹಾಲು ಮರೆತಳು, ಮಗಳ ಫೋನ್ ನಂಬರು ಮರೆತಳು, ನಗು ನಿಂತಿತು. "ಇದು ವಾಸಿಯಾಗೋದಲ್ಲ," ಎಂದರು ಡಾಕ್ಟರು, "ಕೈಗೆ ಅಭ್ಯಾಸ ಆಗಿರೋ ಕೆಲಸ ಮಾತ್ರ ಬಿಡಿಸಬೇಡಿ." ಅವನು ಆ ಮಾತಿಗೆ ಜೋತುಬಿದ್ದ. ಮೇಜಿನ ಪಕ್ಕದಿಂದ ಕದಲಲಿಲ್ಲ.

ಕದಲಿದ್ದು ಒಂದೇ ಸಲ, ಶಾಂಪೂ ತರಲು. ಹತ್ತಿರದ ಅಂಗಡಿ ಮುಚ್ಚಿತ್ತು. ದೂರದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಗಂಟೆ ಮೇಲಾಯಿತು. ಬಂದು ನೋಡಿದರೆ ಎದುರು ಮನೆಯ ಮೇಷ್ಟ್ರು ಬಾಚಿಸಲೆಂದು ಬಿಟ್ಟುಹೋಗಿದ್ದ ನಾಯಿ ಮೇಜಿನ ಮೇಲೆ ನಡುಗುತ್ತಾ ನಿಂತಿದೆ. ದಟ್ಟ ಎರಡು ಪದರದ ಕೂದಲಿಗಾಗಿ ಬೀದಿಯವರೆಲ್ಲ ಕರಡಿ ಎಂದು ಕರೆಯುತ್ತಿದ್ದ ನಾಯಿ ಅದು. ಈಗ ಮೈತುಂಬಾ ಬರೀ ಗುಲಾಬಿ ಚರ್ಮ. ಅವಳ ಕೈಯಲ್ಲಿ ಮೆಷಿನ್ ಇನ್ನೂ ಗುಂಯ್‌ಗುಡುತ್ತಿತ್ತು.

"ನೋಡಿ, ಎಷ್ಟು ಸಲೀಸಾಗಿ ಬಂತು," ಎಂದಳು.

ಅವನು ಮೆಷಿನ್ ಇಸಿದುಕೊಂಡು ಆರಿಸುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿದ್ದರು.

"ಯಾರು ಮಾಡಿದ್ದು?" ಮೇಷ್ಟ್ರು ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು.

ಅವಳು ನಾಯಿಯನ್ನು ನೋಡಿದಳು, ನೆಲದ ಮೇಲಿನ ಕೂದಲ ರಾಶಿಯನ್ನು ನೋಡಿದಳು, ಏನೋ ಹೊಳೆದಂತಾಗಿ ಅವಳ ಮುಖ ಬಿಳಿಚಿಕೊಳ್ಳತೊಡಗಿತು. ಅದು ಪೂರ್ತಿ ಹೊಳೆಯುವ ಮೊದಲೇ ಅವನು ಬಾಯಿ ಹಾಕಿದ.

"ನಾನೇ ಸಾರ್. ಅವಳು ಒಳಗಿದ್ಲು. ತಿಳೀದೆ ಮಾಡ್ಬಿಟ್ಟೆ."

ಅವಳು ತಿರುಗಿದ್ದೇ ತಡ, ಅವನ ಗ್ರಹಚಾರ ಬಿಡಿಸಿಬಿಟ್ಟಳು. "ಎಷ್ಟು ಸಲ ಬಡ್ಕೊಂಡೆ ರೀ ನಿಮಗೆ? ಮೇಲಿನ ಕೂದಲು ಬಿಸಿಲು ತಡಿಯುತ್ತೆ, ಒಳಗಿನ ಉಣ್ಣೆ ಚಳಿ ತಡಿಯುತ್ತೆ. ಬೋಳಿಸಿದ್ರೆ ಉಣ್ಣೆ ಮುಂಚೆ ಬೆಳೆದು ಮೇಲಿನದಕ್ಕೆ ಜಾಗಾನೇ ಬಿಡಲ್ಲ. ಕೆಲವಕ್ಕೆ ಮೊದಲಿನ ಥರ ಬರೋದೇ ಇಲ್ಲ. ಪಾಪ, ಮೂಕಪ್ರಾಣಿ." ಒಂದು ಮಾತೂ ತಪ್ಪಲಿಲ್ಲ. ಅವಳು ಇಷ್ಟುದ್ದ ಮಾತಾಡಿ ತಿಂಗಳುಗಳಾಗಿದ್ದವು. ತಲೆ ತಗ್ಗಿಸಿ ನಿಂತವನಿಗೆ, ಹೋದವಳು ವಾಪಸು ಬಂದಳೆಂದು ಸಂತೋಷ. ಅಂಥ ಸಂತೋಷ ಹಗೆಗೂ ಬೇಡ. ಅವನ ಕಣ್ಣೀರು ಕಂಡು ಮೇಷ್ಟ್ರು ಪಶ್ಚಾತ್ತಾಪವೆಂದುಕೊಂಡರು, ತಮ್ಮ ಕೋಟು ಬಿಚ್ಚಿ ನಾಯಿಗೆ ಹೊದಿಸಿ ಕರೆದುಕೊಂಡು ಹೋದರು.

"ಇನ್ಮೇಲೆ ನೀವು ನಾಯಿ ಮುಟ್ಟಬೇಡಿ," ಎಂದು ಅವಳು ಮೆಷಿನನ್ನು ಬೀರುವಿಗೆ ಸೇರಿಸಿದಳು. ಒಳ್ಳೆಯದೇ ಆಯಿತು ಎಂದುಕೊಂಡ. ಸಂಜೆಯೊಳಗೆ ಹೇಗೂ ಮರೆಯುತ್ತಾಳೆ.

ಮರೆಯಲಿಲ್ಲ. ಮಗಳ ಮುಖ ಮರೆತಳು, ಬಚ್ಚಲಿನ ದಾರಿ ಮರೆತಳು, ಅವನನ್ನು ಕಟ್ಟಿಕೊಂಡದ್ದನ್ನೂ ಮರೆತಳು. ಇದೊಂದನ್ನು ಬಿಟ್ಟು.

ಈಗ ಬರುವುದು ಪಕ್ಕದ ಮನೆಯಾಕೆಯ ನಾಯಿಮರಿ ಮಾತ್ರ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬುಡದಿಂದ ತುದಿಗೆ ನಿಧಾನವಾಗಿ ಬಾಚುತ್ತಾಳೆ. ಮೊನ್ನೆ ಅವನು ನೀರು ಕೊಡಲು ಹತ್ತಿರ ಬಂದಾಗ ಮರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಆ ಮನುಷ್ಯನ ಕೈಗೆ ಕೊಡಬೇಡಮ್ಮ," ಎಂದಳು ಪಕ್ಕದ ಮನೆಯಾಕೆಗೆ. "ಬೋಳಿಸಿಬಿಡ್ತಾನೆ."

ಅವನಿಗೆ ಆವತ್ತು ತಡೆಯಲಾಗಲಿಲ್ಲ. "ಅದು ನಾನಲ್ಲ ಕಣೇ..."

"ಕಣೇ ಅನ್ನೋಕೆ ನೀನ್ಯಾರು?"

ಬಾಚಣಿಗೆ ಹಿಡಿದ ಅವಳ ಕೈ ನಿಂತುಹೋಯಿತು. ಅವನು ನೀರಿನ ಲೋಟವನ್ನು ನೆಲದ ಮೇಲಿಟ್ಟ.

"ತಪ್ಪಾಯ್ತಮ್ಮ," ಎಂದ. "ಬೋಳಿಸಿದ್ದು ನಾನೇ. ನೀವು ಬಾಚಿ." ಆ ಕೈ ಮತ್ತೆ ಆಡುವ ತನಕ ಬಾಗಿಲಾಚೆ ಹೋಗಿ ನಿಂತಿದ್ದ.