ಬಿಡದ ಚಳಿ

ಊಟಿ ಹತ್ತಿರದ ನಂಜನಾಡಿನಲ್ಲಿ ನಮ್ಮ ಪಕ್ಕದ ಮನೆಯ ಸೊಸೆ ಮಧ್ಯಾಹ್ನದ ಬಿಸಿಲಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. "ಚಳಿ ಬಿಡ್ತಾನೇ ಇಲ್ಲ ಅಕ್ಕಾ" ಎನ್ನುತ್ತ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಹೆರಿಗೆಯಲ್ಲಿ ತುಂಬ ರಕ್ತ ಹೋಗಿತ್ತು. ಆಮೇಲೆ ಎದೆಹಾಲು ಬರಲಿಲ್ಲ, ಮುಟ್ಟೂ ಮರಳಲಿಲ್ಲ. ಕ್ಯಾರೆಟ್ ಕೀಳುವಾಗ ಸುಸ್ತಾಗಿ ಕೂತರೆ ಅತ್ತೆ, "ನಾವೆಲ್ಲ ಹೆತ್ತಿಲ್ವಾ?" ಎನ್ನುತ್ತಿದ್ದರು.

ಮಗುವಿಗೆ ನಾಲ್ಕು ತುಂಬಿದ ವರ್ಷ ಅವಳು ಜ್ವರ ಬಂದು ಕುಸಿದಳು. ಊಟಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: "ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಹೆರಿಗೇಲಿ ರಕ್ತ ಸಾಲದೆ ಅದು ಸತ್ತಿದೆ. ಬೇರೆ ಗ್ರಂಥಿಗಳಿಗೆ ಕೆಲಸ ಹೇಳೋದು ಅದೇ. ಮೈ ಬೆಚ್ಚಗಿಡೋ, ಜ್ವರ ತಡ್ಕೊಳ್ಳೋ ಹಾರ್ಮೋನು ಇವರಲ್ಲಿ ಉಳಿದೇ ಇಲ್ಲ. ಮೊದಲೇ ಬಂದಿದ್ರೆ ಮಾತ್ರೆ ಸಾಕಿತ್ತು."

ಇಂಜೆಕ್ಷನ್ ಕೊಟ್ಟರೂ ಅವಳು ಉಳಿಯಲಿಲ್ಲ. ಅತ್ತೆ ಅವಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದರು. ನರ್ಸ್ ಬಂದು, "ಸಾಕಮ್ಮ, ಬಿಡಿ" ಎಂದರೂ ನಿಲ್ಲಿಸಲಿಲ್ಲ.