ಗಸಗಸೆ ನುರಿಯುವ ಮಿಕ್ಸಿ

ಹೋದ ವಾರ ಅಡುಗೆಮನೆಯಿಂದ ಮೋಟಾರು ಸುಟ್ಟ ವಾಸನೆ ಬಂತು. ಪೇಪರ್ ಕೆಳಗಿಟ್ಟು ಹೋಗಿ ನೋಡಿದರೆ ನಮ್ಮ ಹಳೆಯ ಮಿಕ್ಸಿಯಿಂದ ಸಣ್ಣಗೆ ಹೊಗೆ. ಜಾರಿನಲ್ಲಿ ಅರ್ಧ ಅರೆದ ಮಸಾಲೆ.

"ಮೂವತ್ತು ವರ್ಷ ಬಂತಲ್ಲ ಅತ್ತೆ! ಯಾರ ಸೆಲೆಕ್ಷನ್ ಇದು?" ಎಂದಳು ಸೊಸೆ, ಪ್ಲಗ್ ಕೀಳುತ್ತಾ.

"ನಂದೇ," ಎಂದೆ.

ಸುಳ್ಳು. ಈ ವಯಸ್ಸಿನಲ್ಲಿ, ಯಾವ ಅಗತ್ಯವೂ ಇಲ್ಲದೆ, ತಾನಾಗಿ ಬಾಯಿಗೆ ಬಂದ ಸುಳ್ಳು. ಅದನ್ನು ಆರಿಸಿದ್ದು ಪಿರಿಯಾಪಟ್ಟಣದ ನಮ್ಮ ಪಕ್ಕದ ಮನೆ ಅಕ್ಕ.

ಮದುವೆಯಾಗಿ ಆ ಊರಿಗೆ ಹೋದಾಗ ಕಾನ್ವೆಂಟಿನ ಕೃಪೆಯಿಂದ ನನಗೆ ಟೇಬಲ್ ಮ್ಯಾನರ್ಸ್ ಗೊತ್ತಿತ್ತು, ಎಂಬ್ರಾಯ್ಡರಿ ಗೊತ್ತಿತ್ತು. ಒರಳುಕಲ್ಲು ಗೊತ್ತಿರಲಿಲ್ಲ. ನಾನು ರುಬ್ಬಿದ ಖಾರದ ಸಿಪ್ಪೆಯೆಲ್ಲ ಸಾರಿನ ಮೇಲೆ ತೇಲುತ್ತಿತ್ತು. ಹೈಸ್ಕೂಲ್ ಮೇಷ್ಟರಾಗಿದ್ದ ನಮ್ಮವರು ಪಾಪ, ಸುಮ್ಮನೆ ಉಣ್ಣುತ್ತಿದ್ದರು. ಒಂದು ದಿನ ಹಿತ್ತಲಿನಲ್ಲಿ ರುಬ್ಬುತ್ತಾ ಕೂತಿದ್ದಾಗ ಬೇಲಿಯಾಚೆಯಿಂದ ನೋಡುತ್ತಿದ್ದ ಅಕ್ಕ, ಹೊಗೆಸೊಪ್ಪಿನ ಹೊಲದಿಂದ ಆಗಷ್ಟೇ ಬಂದವರು, ಕೈ ತೊಳೆದು ಈಚೆಗೆ ಬಂದರು. "ಏಳು ಕೂಸೇ, ಕಲ್ಲಿಗೆ ನೋವಾಯ್ತದೆ" ಎಂದು ನನ್ನನ್ನು ಎಬ್ಬಿಸಿ ತಾವೇ ಕೂತರು.

ಆಮೇಲೆ ಮೂರು ವರ್ಷ... ನೆಂಟರು ಬಂದರೆಂದರೆ ಖಾರ ಅಕ್ಕನದು, ಹೊಗಳಿಕೆ ನನ್ನದು. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ತಿಕ್ಕಿ ನೋಡುವುದನ್ನು ಅವರೇ ಕಲಿಸಿದ್ದು. "ತರಿ ಸಿಕ್ತಾ? ಅಂಗಾರೆ ಇನ್ನೂ ಆಗಿಲ್ಲ ಕಣವ್ವ."

ಮಿಕ್ಸಿ ತರುವ ಮಾತು ಬಂದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬಣ್ಣ ನೋಡ್ಕಂಡು ತಂದುಬುಟ್ಟೀಯ! ಗಸಗಸೆ ನುರಿತದಾ ನೋಡ್ಬೇಕು. ನಾನೂ ಬತ್ತೀನಿ ಬುಡು" ಎಂದು ಬಸ್ ಹತ್ತಿದರು. ಹುಣಸೂರಿನ ಅಂಗಡಿಯಲ್ಲಿ ಅಕ್ಕ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಾಗ ನಾನು ದಂಗಾದೆ. ನೆನೆಸಿದ ಮೆಣಸಿನಕಾಯಿ, ಹುರಿದ ಕೊತ್ತಂಬರಿ ಬೀಜ, ಕಾಯಿಚೂರು, ಗಸಗಸೆ...

"ಏನವ್ವ, ಸಾರೂ ಇಲ್ಲೇ ಕಾಯಿಸ್ತೀಯಾ?" ಎಂದ ಅಂಗಡಿಯವನು.

"ಊಂ ಕಣಪ್ಪ, ನೀನು ಎಲೆ ಹಾಕು."

ಎಲ್ಲರೂ ನಕ್ಕರು. ನನಗೆ ಮಾತ್ರ ಬೆವರು. ಎರಡು ಮಿಕ್ಸಿಗಳಲ್ಲಿ ತರಿ ಉಳಿಯಿತು. ಮೂರನೆಯದು ತಿರುಗುತ್ತಿದ್ದಾಗಲೇ ನನ್ನ ಕಾನ್ವೆಂಟಿನ ಕ್ಲಾಸ್‌ಮೇಟ್ ಒಳಗೆ ಬಂದಳು. ತಂಬಾಕು ಕಂಪನಿಯ ಆಫೀಸರನ ಹೆಂಡತಿ. ಸ್ಲೀವ್‌ಲೆಸ್ ಬ್ಲೌಸ್, ಕೂಲಿಂಗ್ ಗ್ಲಾಸ್, ಅದೇ ಹಳೆಯ ಇಂಗ್ಲಿಷ್. ಅಷ್ಟರಲ್ಲಿ ಅಕ್ಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಂಪಗೆ ಮಸಾಲೆ ಮೆತ್ತಿದ ಕೈಯನ್ನು ನನ್ನತ್ತ ಚಾಚಿದರು. "ತಿಕ್ಕಿ ನೋಡು ಬಾ ಕೂಸೇ!"

ಇವರು ಯಾರು ಎಂಬಂತೆ ಕ್ಲಾಸ್‌ಮೇಟ್ ಹುಬ್ಬೇರಿಸಿದಳು.

"ಶಿ ವರ್ಕ್ಸ್ ಫಾರ್ ಅಸ್," ಎಂದೆ.

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯ ನನಗೆ. ಆದರೆ ಅವಳು ನೇರವಾಗಿ ಅಕ್ಕನ ಕಡೆಗೇ ತಿರುಗಿ ಕನ್ನಡದಲ್ಲಿ ಕೇಳಿಬಿಟ್ಟಳು. "ಇವರ ಮನೇಲಿ ಎಷ್ಟು ವರ್ಷದಿಂದ ಕೆಲಸಕ್ಕಿದ್ದೀಯಮ್ಮ? ನಿನ್ನಂಥೋರು ಇನ್ಯಾರಾದ್ರೂ ಇದ್ರೆ ನಮ್ಮನೆಗೂ ಕಳಿಸು."

ಅಕ್ಕ ಒಂದೇ ಒಂದು ಸಲ ನನ್ನನ್ನು ನೋಡಿದರು. ಚಾಚಿದ್ದ ಕೈ ಹಿಂದಕ್ಕೆ ಹೋಯಿತು.

"ಮೂರು ವರ್ಸ ಆಯ್ತು ಕಣ್ರವ್ವ," ಎಂದರು. "ಅಮ್ಮಾವ್ರು ಒಳ್ಳೇವ್ರು."

ಕ್ಲಾಸ್‌ಮೇಟ್ ಹೋದ ಮೇಲೆ ಮೆಲ್ಲಗೆ, "ಇದನ್ನೇ ತಕ್ಕಳಿ, ಗಸಗಸೆ ನುರಿದದೆ" ಎಂದರಷ್ಟೇ. ಬಸ್ಸಿನಲ್ಲಿ ಮಿಕ್ಸಿಯ ಡಬ್ಬವನ್ನು ತಾವೇ ತೊಡೆಯ ಮೇಲಿಟ್ಟುಕೊಂಡರು. ಪಿರಿಯಾಪಟ್ಟಣದವರೆಗೆ ನನಗೆ ಸಾಕಷ್ಟು ಹೊತ್ತಿತ್ತು. ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ...

ಅಂದಿನಿಂದ ಅವರು ಹಿತ್ತಲ ಬಾಗಿಲಿನ ಹೊಸ್ತಿಲು ದಾಟಲಿಲ್ಲ. ಆಚೆಯೇ ನಿಂತು, "ಅಮ್ಮಾವ್ರೇ, ಖಾರ ನುಣ್ಣಗಾಯ್ತಾ?" ಎಂದು ಕೇಳುತ್ತಿದ್ದರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮೊದಲಿನಂತೆ ಕೂಸೇ ಅನ್ನಿ ಎಂದು ಬೇಡಿಕೊಳ್ಳಬೇಕೆಂದರೆ ಮೊದಲು ಅಂಗಡಿಯ ಮಾತು ಎತ್ತಬೇಕಿತ್ತು; ಅದು ನನ್ನಿಂದಾಗಲಿಲ್ಲ. ನಮಗೆ ಟ್ರಾನ್ಸ್‌ಫರ್ ಆಯಿತು. ಎಷ್ಟೋ ವರ್ಷಗಳ ಮೇಲೆ ಯಾವುದೋ ಮದುವೆಮನೆಯಲ್ಲಿ, ಅನ್ನ ಕಲಸುತ್ತಾ ಯಾರೋ ಹೇಳಿದರು, ಅಕ್ಕ ಹೋಗಿಬಿಟ್ಟರಂತೆ.

ನಿನ್ನೆ ಹೊಸ ಮಿಕ್ಸಿ ಬಂತು. ಸೊಸೆ ಫೋನಿನಲ್ಲೇ ರಿವ್ಯೂ ಓದಿ ತರಿಸಿದ್ದು. ಮೊದಲ ಮಸಾಲೆಯನ್ನು ನಾನು ಎರಡು ಬೆರಳಿನ ನಡುವೆ ತಿಕ್ಕಿದೆ. ತರಿ ಸಿಕ್ಕಿತು.

"ಇನ್ನೂ ಆಗಿಲ್ಲ ಕಣಮ್ಮ. ಗಸಗಸೆ ನುರಿದಿಲ್ಲ."

"ಅದ್ಹೇಗೆ ಗೊತ್ತಾಗುತ್ತೆ ನಿಮಗೆ?"

"ಅಕ್ಕ ಹೇಳಿಕೊಟ್ಟಿದ್ದು. ಆ ಹಳೇ ಮಿಕ್ಸಿ ಆರಿಸಿದ್ದೂ ಅವರೇ, ನಾನಲ್ಲ."

"ಯಾವ ಅಕ್ಕ? ನಿಮಗೆ ಅಕ್ಕ ಯಾರೂ ಇರಲಿಲ್ವಲ್ಲ ಅತ್ತೆ?"

"ಇದ್ದರು," ಎಂದೆ.

ನಮ್ಮ ಅಕ್ಕ ಎಂಬ ಅಷ್ಟೇ ಒಂದು ಮಾತು ಹುಣಸೂರಿನ ಆ ಅಂಗಡಿಯಲ್ಲಿ ನನ್ನ ಬಾಯಿಗೆ ಬರಲಿಲ್ಲ.