ಒಡಪು ಹೇಳಿ ಕೆಲಸ ಹಿಡಿದ ದುರ್ಗವ್ವ

ಏ ಓಣ್ಯಾಗಿನ ಮಂದಿ, ಒಂದೀಟು ಕಟ್ಟಿ ಮ್ಯಾಲ ಬರ್ರಿ! ನಮ್ಮ ದುರ್ಗವ್ವನ ಕತಿ ಕೇಳ್ರಿ!

ಎಂಬತ್ನಾಲ್ಕನೇ ಇಸವಿ, ಇಳಕಲ್ಲು. ಪಾವರ್‌ಲೂಮ್ ಬಂದ ಮೇಲೆ ದುರ್ಗವ್ವನ ಗಂಡನಿಗೆ ನೂಲು ಕೊಡುವವರೇ ಇಲ್ಲವಾದರು. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ ಹೂಡಿದ ಕುಣಿಮಗ್ಗ ಸುಮ್ಮನೆ ನಿಂತಿತು. ಅವನಿಗೆ ಬೇರೆ ಕೆಲಸ ಬಾರದು. ಮಕ್ಕಳು ನುಚ್ಚಿನ ಗಂಜಿ ಕುಡಿದು ಮಲಗುತ್ತಿದ್ದವು. ಒಂದು ದಿನ ಅದೂ ಇರಲಿಲ್ಲ.

ಅಂದೇ ಓಣಿಯಲ್ಲಿ ಬಾಲವಾಡಿ ತೆರೆಯಲು ಜೋಹರಾ ಎಂಬ ಮೇಲ್ವಿಚಾರಕಿ ಬಂದಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಅವರ ಮುಂದೆ ದುರ್ಗವ್ವ ಹೋಗಿ ನಿಂತಳು.

"ಗಂಡನ ಹೆಸರೇನವಾ?"

ದುರ್ಗವ್ವ ಸೆರಗು ಬಾಯಿಗಿಟ್ಟುಕೊಂಡಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಅಡ್ಡಗಟ್ಟಿ ಕೇಳಿದರೆ, ಪ್ರಾಸದ ಒಡಪು ಕಟ್ಟಿ ಅದರಲ್ಲಿ ಸೇರಿಸಿ ಹೇಳುತ್ತಾರೆ. ಅದರಲ್ಲಿ ಓಣಿಗೆಲ್ಲ ದುರ್ಗವ್ವನೇ ಮುಂದು.

"ಲಗೂ ಹೇಳವಾ. ಹೆಸರು ಹೇಳಾಕ ಬಾಯಿಲ್ಲದಾಕಿ ಮಕ್ಕಳ್ನ ಹೆಂಗ ಕರೀತಿ?"

ಕೆಲಸ ಕೈತಪ್ಪುವುದು ಕಂಡಿತು. ಕಣ್ಣು ಮುಚ್ಚಿ ಅಂದೇಬಿಟ್ಟಳು: "ಮಗ್ಗದಾಗ ಲಾಳಿ, ಬೇಲ್ಯಾಗ ಜಾಲಿ, ಶಿವಸಂಗಪ್ಪನವರು ಉಣ್ಣಾಕ ಕುಂತ್ರ ಗಂಗಾಳ ಖಾಲಿ!"

ತಂತಮ್ಮ ಮನೆಯ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಅದು ಚೇಷ್ಟೆಯಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಮುಂಜಾನೆಯಿಂದ ಮಕ್ಕಳ ಹೆಸರು ಬರೆಸಲು ಜೋಹರಾ ಎಷ್ಟು ಕರೆದರೂ ಹೊಸ್ತಿಲು ದಾಟದವರು ಅವರು.

"ಏ ಬೋರವ್ವ, ನಗತೀಯಲ್ಲ, ನಿನ್ನ ಗಂಡನ ಹೆಸರು ಹೇಳ ಬಾ. ಕೂಸನ್ನೂ ಎತ್ಕೊಂಡ ಬಾ!" ಎಂದು ದುರ್ಗವ್ವ ಕೂಗಿದಳು.

"ನಿನಗ ನಾ ಸೋಲ್ತೇನೇನ?" ಎನ್ನುತ್ತ ಬೋರವ್ವ ಬಂದಳು. ಹಿಂದೆಯೇ ಉಳಿದವರು, ಕಂಕುಳಲ್ಲಿ ಮಕ್ಕಳು.

ಜೋಹರಾ ಬೆರಗಾಗಿ ನೋಡಿದರು. "ನನಗ ಬೇಕಾದಾಕಿ ನೀನ. ಆದ್ರ ಮಕ್ಕಳ್ನ ಕೂಡ್ರಸಾಕ ಜಾಗಾ ಇಲ್ಲ. ನಿಮ್ಮನ್ಯಾಗ ಪಡಸಾಲಿ ಐತೇನ?"

"ಐತ್ರಿ ಅಕ್ಕೋರ. ಅದರಾಗ ಮಗ್ಗ ಐತ್ರಿ."

"ಕುಣ್ಯಾಗ ಕೂಸು ಬಿದ್ರ? ಅದನ್ನ ಮುಚ್ಚು, ನಾಳಿಂದ ಕೆಲಸ ನಿಂದು. ಇಲ್ಲಾಂದ್ರ ನಾ ಬ್ಯಾರೆ ಓಣಿ ನೋಡ್ತೇನಿ."

ಮನೆಗೆ ಬಂದು ಗಂಡನಿಗೆ ಹೇಳಿದಳು.

"ನಮ್ಮಪ್ಪ ತೋಡಿದ ಕುಣಿ ಅದು."

"ಮಕ್ಕಳಿಗೆ ಉಣ್ಣಾಕ ಏನೈತಿ ಹೇಳ್ರಿ. ಏನರ ಇದ್ರ ನಾ ಮುಚ್ಚೂದಿಲ್ಲ."

ಅವನು ಎದ್ದ. ಮಗ್ಗವನ್ನು ತಾನೇ ಬಿಚ್ಚಿ ಗೋಡೆಗೆ ಒರಗಿಸಿ, ಹೊರಗೆ ಹೋದ. ದುರ್ಗವ್ವ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದಳು. ದೀಪ ಹಚ್ಚುವ ಹೊತ್ತಿಗೆ, ಅವನು ಕಾಲು ಇಳಿಬಿಟ್ಟು ನೇಯುತ್ತಿದ್ದ ಆ ಕುಣಿಯನ್ನು ತುಂಬಿ, ಬರಿಗಾಲಲ್ಲಿ ತುಳಿದು ನೆಲ ಸಮ ಮಾಡಿದಳು.